ಗಾಡಿಯಿಂದ ವಾರ್ಡಿಗೆ: ರೋಗಿಯ ದಾಖಲೆ ನಡೆದು ಬಂದ ದಾರಿ

ರಸ್ತೆ ಅಪಘಾತದಲ್ಲಿ ಗಾಯಗೊಂಡವರನ್ನು ಅಥವಾ ಎದೆನೋವಿನಿಂದ ಕುಸಿದವರನ್ನು ಆಸ್ಪತ್ರೆಗೆ ಸಾಗಿಸುವ ಸಿಬ್ಬಂದಿ ಮೊದಲ ಅರ್ಧ ಗಂಟೆಯಲ್ಲಿ ಕಂಡದ್ದನ್ನು ಆಮೇಲೆ ಬೇರೆ ಯಾವ ವೈದ್ಯರೂ ಕಾಣಲಾರರು. ರೋಗಿ ಯಾವ ಭಂಗಿಯಲ್ಲಿ ಬಿದ್ದಿದ್ದರು, ಆಗ ಪ್ರಜ್ಞೆ ಇತ್ತೇ, ರಕ್ತದೊತ್ತಡ ಎಷ್ಟಕ್ಕೆ ಇಳಿದಿತ್ತು, ಯಾವ ಔಷಧವನ್ನು ಎಷ್ಟು ಹೊತ್ತಿಗೆ ಕೊಡಲಾಯಿತು ಎಂಬ ವಿವರಗಳೆಲ್ಲ ಆಸ್ಪತ್ರೆಯ ಕೇಸ್ ಶೀಟಿಗೆ ಸೇರಬೇಕು. ಹಾಗೆಯೇ ಆಸ್ಪತ್ರೆಯ ಕಡತಗಳಲ್ಲಿ ಮೊದಲೇ ಇರುವ ಹಳೆಯ ಕಾಯಿಲೆ, ಒಗ್ಗದ ಔಷಧ, ನಿತ್ಯ ನುಂಗುವ ಮಾತ್ರೆಗಳ ವಿವರ ಗಾಡಿಯಲ್ಲಿರುವವರಿಗೆ ಸಿಗಬೇಕು. ಈ ಎರಡು ದಿಕ್ಕಿನ ವಿನಿಮಯವನ್ನು ಕಂಪ್ಯೂಟರ್ ಮೂಲಕ ಸಾಧಿಸುವ ಪ್ರಯತ್ನವನ್ನು ಇಂದು ವಿದ್ಯುನ್ಮಾನ ರೋಗಿ ದಾಖಲೆಗಳ ಹಂಚಿಕೆ ಎಂದು ಕರೆಯಲಾಗುತ್ತದೆ. ಇದು ಯಂತ್ರಗಳ ವಿಷಯವೆಂದು ಮೇಲ್ನೋಟಕ್ಕೆ ತೋರಿದರೂ, ಇದರ ಎರಡು ಶತಮಾನಗಳ ಚರಿತ್ರೆಯನ್ನು ಹಿಂಬಾಲಿಸಿದರೆ ಬೇರೊಂದು ಸಂಗತಿ ಸ್ಪಷ್ಟವಾಗುತ್ತದೆ. ಆಂಬುಲೆನ್ಸನ್ನು ಸಾಗಣೆಯ ಗಾಡಿ ಎಂದು ನೋಡಿದಷ್ಟು ಕಾಲ ಅದರಲ್ಲಿ ಬರೆದ ಕಾಗದ ಆಸ್ಪತ್ರೆಯ ಬಾಗಿಲಲ್ಲೇ ನಿಂತಿತು, ಅದನ್ನು ಚಿಕಿತ್ಸೆಯ ಮೊದಲ ಠಾಣೆ ಎಂದು ಒಪ್ಪಿದಲ್ಲೆಲ್ಲ ಆ ಕಾಗದ ಒಳಗೆ ಬಂದಿತು.

ಆಂಬುಲೆನ್ಸಿನ ಆಧುನಿಕ ಚರಿತ್ರೆ ಯುದ್ಧಭೂಮಿಯಲ್ಲಿ ಮೊದಲಾಗುತ್ತದೆ. ಫ್ರಾನ್ಸಿನ ಸೇನಾ ಶಸ್ತ್ರವೈದ್ಯ ಡೊಮಿನಿಕ್ ಜೀನ್ ಲಾರೆ 1792ರ ರೈನ್ ದಂಡಯಾತ್ರೆಯ ಕಾಲದಲ್ಲಿ ‘ಹಾರುವ ಆಂಬುಲೆನ್ಸ್’ ಎಂಬ ಹಗುರ ಕುದುರೆಗಾಡಿಯ ವ್ಯವಸ್ಥೆಯನ್ನು ರೂಪಿಸಿದನು. ಗಾಯಾಳುಗಳನ್ನು ಕದನ ಮುಗಿಯುವವರೆಗೆ ಬಿಟ್ಟಿರದೆ, ಅವರ ದರ್ಜೆಯನ್ನು ನೋಡದೆ, ಗಾಯದ ತೀವ್ರತೆಯನ್ನಷ್ಟೇ ನೋಡಿ ಎತ್ತಿ ತರುವ ಕ್ರಮವನ್ನು ಬೆಳೆಸಿದನು. ಅಮೆರಿಕದ ಅಂತರ್ಯುದ್ಧದಲ್ಲಿ ಈ ವಿಚಾರ ಆಡಳಿತದ ರೂಪ ಪಡೆಯಿತು. ಅಲ್ಲಿಯವರೆಗೆ ಗಾಯಾಳುಗಳ ಗಾಡಿಗಳು ಸೇನೆಯ ಸರಬರಾಜು ಇಲಾಖೆಯ ಅಧೀನದಲ್ಲಿದ್ದವು, ಅಂದರೆ ದವಸ ಮತ್ತು ಮದ್ದುಗುಂಡು ಸಾಗಿಸುವವರ ಕೈಯಲ್ಲಿದ್ದವು. ಪೊಟೋಮ್ಯಾಕ್ ಸೇನೆಯ ವೈದ್ಯಕೀಯ ನಿರ್ದೇಶಕನಾಗಿದ್ದ ಜೊನಾಥನ್ ಲೆಟರ್‌ಮನ್ 1862ರ ಆಗಸ್ಟ್‌ನಲ್ಲಿ ಅವುಗಳನ್ನು ವೈದ್ಯಕೀಯ ಇಲಾಖೆಯ ಅಧೀನಕ್ಕೆ ತಂದು, ತರಬೇತಾದ ಪ್ರತ್ಯೇಕ ದಳವನ್ನು ಕಟ್ಟಿದನು. 1864ರ ಮಾರ್ಚ್‌ನಲ್ಲಿ ಅಮೆರಿಕದ ಸಂಸತ್ತು ಇದನ್ನೇ ಇಡೀ ಸೇನೆಗೆ ಅನ್ವಯಿಸುವ ಕಾಯ್ದೆಯಾಗಿ ಮಾಡಿತು. ಈ ಯುದ್ಧದ ವೈದ್ಯಕೀಯ ದಾಖಲೆಗಳು 1870ರಿಂದ 1888ರ ನಡುವೆ ಆರು ಬೃಹತ್ ಸಂಪುಟಗಳಾಗಿ ಪ್ರಕಟವಾದುವಾದರೂ, ಅವು ಮುಖ್ಯವಾಗಿ ಆಸ್ಪತ್ರೆಯಲ್ಲಿ ಕುಳಿತು ಬರೆದ ದಾಖಲೆಗಳು. ಗಾಡಿಯಲ್ಲಿ ಏನಾಯಿತು ಎಂಬುದು ಅಲ್ಲಿ ಅಪರೂಪ.

ಗಾಯಾಳುವಿನ ಜೊತೆಯಲ್ಲೇ ಚಲಿಸುವ ದಾಖಲೆಯ ಬೆಲೆ ಪೂರ್ಣವಾಗಿ ಅರಿವಾದದ್ದು ಮೊದಲನೆಯ ಮಹಾಯುದ್ಧದಲ್ಲಿ. ಫ್ಲಾಂಡರ್ಸ್‌ನ ಕಂದಕದಲ್ಲಿ ಬಿದ್ದ ಬ್ರಿಟಿಷ್ ಸೈನಿಕನು ತುಕಡಿಯ ಚಿಕಿತ್ಸಾ ಠಾಣೆ, ಅದರಿಂದ ಡ್ರೆಸ್ಸಿಂಗ್ ಠಾಣೆ, ಮುಂದೆ ಗಾಯಾಳುಗಳನ್ನು ವಿಂಗಡಿಸಿ ಶಸ್ತ್ರಚಿಕಿತ್ಸೆ ನಡೆಸುವ ಕ್ಯಾಶುಯಲ್ಟಿ ಕ್ಲಿಯರಿಂಗ್ ಸ್ಟೇಷನ್, ಅಲ್ಲಿಂದ ರೈಲಿನಲ್ಲಿ ಯುದ್ಧರಂಗದ ಹಿಂದಿನ ನೆಲೆ ಆಸ್ಪತ್ರೆ, ಕೊನೆಗೆ ಹಡಗಿನಲ್ಲಿ ಇಂಗ್ಲೆಂಡ್ ಹೀಗೆ ಐದಾರು ಕೈಗಳನ್ನು ದಾಟುತ್ತಿದ್ದನು, ಮತ್ತು ಪ್ರತಿ ಹಂತದಲ್ಲೂ ಅವನನ್ನು ನೋಡುವವರು ಹೊಸಬರು. ಅದಕ್ಕಾಗಿ ಹೆಸರು, ದಳ, ಗಾಯದ ಸ್ವರೂಪ, ಕೊಟ್ಟ ಚಿಕಿತ್ಸೆ ಇವಿಷ್ಟನ್ನು ಬರೆದ ‘ಫೀಲ್ಡ್ ಮೆಡಿಕಲ್ ಕಾರ್ಡ್’ ಎಂಬ ಕಾರ್ಡನ್ನು ಲಕೋಟೆಯಲ್ಲಿಟ್ಟು ಅವನ ಅಂಗಿಗೆ ಕಟ್ಟಲಾಗುತ್ತಿತ್ತು. ಗೊಬ್ಬರ ಹಾಕಿದ ಹೊಲಗಳ ಮಣ್ಣು ಗಾಯಕ್ಕೆ ಸೇರಿ ಧನುರ್ವಾಯು ಹರಡುತ್ತಿದ್ದುದರಿಂದ ಅದರ ಪ್ರತಿವಿಷದ ಚುಚ್ಚುಮದ್ದು ಎಲ್ಲ ಗಾಯಾಳುಗಳಿಗೂ ಕಡ್ಡಾಯವಾಯಿತು. ಅದು ಸಿಕ್ಕಿದೆಯೇ ಇಲ್ಲವೇ ಎಂಬ ಗೊಂದಲ ಜೀವಕ್ಕೇ ಎರವಾಗಬಹುದಾದ್ದರಿಂದ, ಕಾರ್ಡಿನ ಮೇಲೆ ನಂಬಿಕೆ ಇಡಲಾಗದ ಕಡೆ ಸೈನಿಕನ ಚರ್ಮದ ಮೇಲೆಯೇ ಅಳಿಸದ ಪೆನ್ಸಿಲಿನಿಂದ ‘ಟಿ’ ಎಂಬ ಅಕ್ಷರವನ್ನು ಬರೆಯುತ್ತಿದ್ದರು. ಎರಡನೆಯ ಮಹಾಯುದ್ಧದಲ್ಲಿ ಮಾರ್ಫಿನ್ ಕೊಟ್ಟ ಪುಟ್ಟ ಖಾಲಿ ಕೊಳವೆಯನ್ನು ಗಾಯಾಳುವಿನ ಕಾಲರಿಗೆ ಸಿಕ್ಕಿಸುವ ಪದ್ಧತಿಯೂ ಇದೇ ಬಗೆಯದು. ಮುಂದಿನವರು ಅರಿಯದೆ ಮತ್ತೊಮ್ಮೆ ಕೊಟ್ಟರೆ ಉಸಿರೇ ನಿಲ್ಲಬಹುದೆಂಬ ಭಯ ಅದರ ಹಿಂದಿತ್ತು. ಇಂದಿನ ದತ್ತಾಂಶ ತಜ್ಞರು ಚರ್ಚಿಸುವ ಬಹುತೇಕ ಪ್ರಶ್ನೆಗಳು ಇಲ್ಲಿ ಆಗಲೇ ಎದುರಾಗಿದ್ದವು: ಕನಿಷ್ಠ ಎಷ್ಟು ವಿವರ ಸಾಕು, ಅದು ರೋಗಿಯಿಂದ ಬೇರ್ಪಡದಂತೆ ಮಾಡುವುದು ಹೇಗೆ, ಮುಂದಿನ ಠಾಣೆಯವರು ಅದನ್ನು ನಂಬುವುದು ಹೇಗೆ.

ನಾಗರಿಕ ಜೀವನದಲ್ಲಿ ಮಾತ್ರ ಈ ಪಾಠ ಬೇರೂರಲಿಲ್ಲ. ಲೆಟರ್‌ಮನ್ನನ ಸೇನೆಯಲ್ಲಿ ದುಡಿದಿದ್ದ ಶಸ್ತ್ರವೈದ್ಯ ಎಡ್ವರ್ಡ್ ಡಾಲ್ಟನ್ 1869ರಲ್ಲಿ ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆಯಲ್ಲಿ ಆಂಬುಲೆನ್ಸ್ ಸೇವೆಯನ್ನು ಆರಂಭಿಸಿದಾಗ, ಗಾಡಿಯಲ್ಲಿ ಆಸ್ಪತ್ರೆಯ ಕಿರಿಯ ವೈದ್ಯನೇ ಕುಳಿತು ಹೋಗುತ್ತಿದ್ದನು. ಕಂಡವನೇ ವಾರ್ಡಿಗೂ ಬರುತ್ತಿದ್ದುದರಿಂದ ಪ್ರತ್ಯೇಕ ದಾಖಲೆಯ ಅಗತ್ಯ ಅಷ್ಟಾಗಿ ತೋರಲಿಲ್ಲ. ಎರಡನೆಯ ಮಹಾಯುದ್ಧ ವೈದ್ಯರನ್ನು ಸೇನೆಗೆ ಸೆಳೆದಾಗ ಈ ಪದ್ಧತಿ ಬಹುಮಟ್ಟಿಗೆ ಕುಸಿಯಿತು. ಆ ಸ್ಥಾನಕ್ಕೆ ಬಂದವರು ತರಬೇತಿಯಿಲ್ಲದ ಚಾಲಕರು, ಮತ್ತು ಹಲವು ಊರುಗಳಲ್ಲಿ ಶವಸಂಸ್ಕಾರದ ವ್ಯಾಪಾರಿಗಳು. ಮಲಗಿದ ಮನುಷ್ಯನನ್ನು ಸಾಗಿಸಬಲ್ಲ ಉದ್ದನೆಯ ವಾಹನ ಅವರಲ್ಲಿ ಇತ್ತೆಂಬುದಷ್ಟೇ ಅದಕ್ಕೆ ಕಾರಣ. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ 1966ರಲ್ಲಿ ಪ್ರಕಟಿಸಿದ ಅಪಘಾತ ಮರಣಗಳ ಕುರಿತ ಪ್ರಸಿದ್ಧ ವರದಿಯು ದೇಶದ ಆಂಬುಲೆನ್ಸ್ ಸೇವೆಯ ಸುಮಾರು ಅರ್ಧದಷ್ಟನ್ನು 12,000 ಶವಸಂಸ್ಕಾರ ವ್ಯಾಪಾರಿಗಳು ನಡೆಸುತ್ತಿದ್ದಾರೆಂದು ಹೇಳಿತು. ಅದರ ಹಿಂದಿನ ವರ್ಷ ಅಪಘಾತಗಳಲ್ಲಿ 1,07,000 ಜನ ಸತ್ತಿದ್ದರೆಂದೂ ದಾಖಲಿಸಿತು. ಇಂಥ ಗಾಡಿಯಿಂದ ರೋಗಿಯ ದಾಖಲೆಯನ್ನು ನಿರೀಕ್ಷಿಸುವ ಪ್ರಶ್ನೆಯೇ ಇರಲಿಲ್ಲ.

ಅದೇ 1966ರ ಜನವರಿಯಲ್ಲಿ ಬೆಲ್‌ಫಾಸ್ಟಿನ ರಾಯಲ್ ವಿಕ್ಟೋರಿಯಾ ಆಸ್ಪತ್ರೆಯ ಫ್ರಾಂಕ್ ಪ್ಯಾಂಟ್ರಿಜ್ ಮತ್ತು ಜಾನ್ ಗೆಡ್ಡೆಸ್ ಹೃದಯಾಘಾತದ ರೋಗಿಯ ಮನೆಗೇ ವೈದ್ಯರನ್ನು ಕಳುಹಿಸುವ ಸಂಚಾರಿ ಹೃದಯ ಘಟಕವನ್ನು ಆರಂಭಿಸಿದರು. ನಿಂತ ಹೃದಯಕ್ಕೆ ವಿದ್ಯುತ್ ಆಘಾತ ಕೊಟ್ಟು ಮತ್ತೆ ಲಯಕ್ಕೆ ತರುವ ಡಿಫಿಬ್ರಿಲೇಟರ್ ಯಂತ್ರವನ್ನು ಕಾರಿನ ಬ್ಯಾಟರಿಗಳಿಂದ ನಡೆಸುವಂತೆ ಮಾಡಿದ್ದರು. ಅದು ಸುಮಾರು 70 ಕಿಲೋ ತೂಗುತ್ತಿತ್ತು. ಬೆಲ್‌ಫಾಸ್ಟಿನ ಗಾಡಿಯಲ್ಲೂ ವೈದ್ಯರಿದ್ದರು. ಮಯಾಮಿಯ ಯೂಜೀನ್ ನೇಗಲ್ ಎಂಬ ವೈದ್ಯರಿಗೆ ಎದುರಾದ ಕಷ್ಟ ಬೇರೆ ಬಗೆಯದು. ಅಲ್ಲಿ ಗಾಡಿ ನಡೆಸುತ್ತಿದ್ದವರು ಅಗ್ನಿಶಾಮಕ ದಳದವರು, ವೈದ್ಯರಲ್ಲದವರು ಔಷಧ ಕೊಡುವುದನ್ನು ಕಾನೂನು ಒಪ್ಪುತ್ತಿರಲಿಲ್ಲ. 1967ರ ಸುಮಾರಿಗೆ ನೇಗಲ್ ಮತ್ತು ಅವರ ಸಂಗಡಿಗ ಜಿಮ್ ಹಿರ್ಶ್‌ಮನ್ ಹೃದಯದ ವಿದ್ಯುತ್ ಚಟುವಟಿಕೆಯ ನಕ್ಷೆಯಾದ ಇಸಿಜಿಯನ್ನು ರೇಡಿಯೋ ಅಲೆಗಳ ಮೂಲಕ ಗಾಡಿಯಿಂದ ಆಸ್ಪತ್ರೆಗೆ ಕಳುಹಿಸುವ ಉಪಕರಣವನ್ನು ಬಳಕೆಗೆ ತಂದರು. ಆಸ್ಪತ್ರೆಯಲ್ಲಿರುವ ವೈದ್ಯರು ಆ ಗೆರೆಗಳನ್ನು ನೋಡಿ ರೇಡಿಯೋದಲ್ಲೇ ಆದೇಶ ಕೊಟ್ಟರೆ, ಔಷಧ ಕೊಟ್ಟದ್ದು ವೈದ್ಯರೇ ಎಂದು ವಾದಿಸಬಹುದಿತ್ತು.

ಈ ಘಟನೆಯ ಅರ್ಥವನ್ನು ಸರಿಯಾಗಿ ಗ್ರಹಿಸುವುದು ಮುಖ್ಯ. ಆಂಬುಲೆನ್ಸಿನಿಂದ ಆಸ್ಪತ್ರೆಗೆ ವಿದ್ಯುನ್ಮಾನವಾಗಿ ಹರಿದ ಈ ಮೊದಮೊದಲ ರೋಗಿ ಮಾಹಿತಿ ದಾಖಲೆಯಾಗಿ ಉಳಿಯುವ ಉದ್ದೇಶದಿಂದ ಹರಿದುದಾಗಿರಲಿಲ್ಲ, ಅನುಮತಿ ಪಡೆಯುವ ಉದ್ದೇಶದಿಂದ ಹರಿದುದಾಗಿತ್ತು. ಕ್ಯಾಲಿಫೋರ್ನಿಯಾದ 1970ರ ವೆಡ್‌ವರ್ತ್-ಟೌನ್‌ಸೆಂಡ್ ಕಾಯ್ದೆ ಪ್ಯಾರಾಮೆಡಿಕ್‌ಗಳಿಗೆ, ಅಂದರೆ ಆಸ್ಪತ್ರೆಯ ಹೊರಗೆ ತುರ್ತು ಚಿಕಿತ್ಸೆ ಕೊಡಲು ತರಬೇತಾದವರಿಗೆ, ಕಾನೂನಿನ ಮಾನ್ಯತೆ ಕೊಟ್ಟಿತು. ಪಿಟ್ಸ್‌ಬರ್ಗಿನಲ್ಲಿ 1967ರಿಂದ 1975ರವರೆಗೆ ನಡೆದ, ಕಪ್ಪು ಜನಾಂಗದ ಯುವಕರನ್ನೇ ಹೆಚ್ಚಾಗಿ ಹೊಂದಿದ್ದ ಫ್ರೀಡಂ ಹೌಸ್ ಸೇವೆ, ವೈದ್ಯರಾದ ಪೀಟರ್ ಸಫಾರ್ ಮತ್ತು ನ್ಯಾನ್ಸಿ ಕ್ಯಾರೊಲಿನ್ ಅವರ ಮಾರ್ಗದರ್ಶನದಲ್ಲಿ, ಇಂಥ ಸಿಬ್ಬಂದಿ ಎಷ್ಟು ನಿಪುಣರಾಗಬಲ್ಲರೆಂಬುದನ್ನು ಸಾಬೀತುಪಡಿಸಿತು. ಹೀಗೆ ನಂಬಿಕೆ ಬೆಳೆದು, ಲಿಖಿತ ಸೂಚನೆಗಳ ಪ್ರಕಾರ ಪ್ಯಾರಾಮೆಡಿಕ್‌ಗಳೇ ಔಷಧ ಕೊಡಬಹುದೆಂದು ಆದಮೇಲೆ ಪ್ರತಿ ಬಾರಿ ಇಸಿಜಿ ಕಳುಹಿಸುವ ಕ್ರಮ ಹಿಂದೆ ಸರಿಯಿತು. ಮುಚ್ಚಿಹೋದ ಹೃದಯದ ರಕ್ತನಾಳವನ್ನು ಆಸ್ಪತ್ರೆ ಮುಟ್ಟಿದ 90 ನಿಮಿಷಗಳೊಳಗೆ ಬಲೂನಿನಿಂದ ತೆರೆಯಬೇಕೆಂಬ ಗುರಿ ಮುಂದೆ ಬಂದ ಮೇಲೆ ಅದು ಮತ್ತೆ ಜೀವ ಪಡೆಯಿತು. ಗಾಡಿ ಬರುವ ಮೊದಲೇ ನಕ್ಷೆ ಬಂದರೆ, ಈ ಚಿಕಿತ್ಸೆ ನಡೆಸುವ ಕ್ಯಾಥ್ ಲ್ಯಾಬಿನ ತಂಡ ಸಿದ್ಧವಾಗಿರಬಹುದಿತ್ತು.

ದಾಖಲೆಯ ದೃಷ್ಟಿಯಿಂದ ಈ ಚರಿತ್ರೆಯ ಅತ್ಯಂತ ದೂರದೃಷ್ಟಿಯ ಪಠ್ಯವೆಂದರೆ ಅಮೆರಿಕದ 1973ರ ತುರ್ತು ವೈದ್ಯಕೀಯ ಸೇವಾ ವ್ಯವಸ್ಥೆಗಳ ಕಾಯ್ದೆ. ಕೇಂದ್ರದ ಧನಸಹಾಯ ಪಡೆಯುವ ಪ್ರತಿ ಪ್ರಾದೇಶಿಕ ವ್ಯವಸ್ಥೆಯಲ್ಲಿ ಇರಲೇಬೇಕಾದ 15 ಅಂಗಗಳನ್ನು ಅದು ಹೆಸರಿಸಿತು. ಸಿಬ್ಬಂದಿ, ತರಬೇತಿ, ಸಂಪರ್ಕ, ಸಾಗಣೆಗಳ ಜೊತೆಗೆ ಏಕರೂಪದ ರೋಗಿ ದಾಖಲೆಯೂ ಅವುಗಳಲ್ಲೊಂದು. ಆ ದಾಖಲೆ ರೋಗಿ ವ್ಯವಸ್ಥೆಯೊಳಗೆ ಕಾಲಿಟ್ಟ ಕ್ಷಣದಿಂದ ಬಿಡುಗಡೆಯಾಗುವವರೆಗಿನ ಚಿಕಿತ್ಸೆಯನ್ನು ಒಳಗೊಳ್ಳಬೇಕು, ಆನಂತರದ ಆರೈಕೆ ಮತ್ತು ಪುನರ್ವಸತಿಯ ದಾಖಲೆಗಳೊಂದಿಗೂ ಹೊಂದಿಕೊಳ್ಳಬೇಕು ಎಂಬುದು ಅದರ ಆಶಯ. ಗಾಡಿ ಮತ್ತು ವಾರ್ಡು ಒಂದೇ ಕಥೆಯ ಎರಡು ಅಧ್ಯಾಯಗಳೆಂದು ಶಾಸನವೊಂದು ಇಷ್ಟು ನೇರವಾಗಿ ಹೇಳಿದ್ದು, ಮೇಜಿನ ಮೇಲಿನ ಕಂಪ್ಯೂಟರ್ ಇನ್ನೂ ಹುಟ್ಟದ ಕಾಲದಲ್ಲಿ. ಆದರೆ 1981ರಲ್ಲಿ ಈ ಯೋಜನೆಯ ಹಣವನ್ನು ರಾಜ್ಯಗಳಿಗೆ ಒಟ್ಟಾಗಿ ಕೊಡುವ ಅನುದಾನದೊಳಗೆ ಸೇರಿಸಲಾಯಿತು; ಕೇಂದ್ರದ ಹಿಡಿತ ಸಡಿಲವಾಗಿ, ಏಕರೂಪದ ದಾಖಲೆಯ ಕನಸು ರಾಜ್ಯ ರಾಜ್ಯಕ್ಕೆ ಬೇರೆಯಾದ, ಕಾರ್ಬನ್ ಪ್ರತಿಗಳಿರುವ ನಮೂನೆಗಳಾಗಿ ಚದುರಿತು. ಒಂದು ಪ್ರತಿಯನ್ನು ಕ್ಯಾಶುಯಲ್ಟಿಯಲ್ಲಿ ಬಿಟ್ಟು ಬರುವುದು ರೂಢಿಯಾಯಿತು, ಆ ಪ್ರತಿ ಕಡತಕ್ಕೆ ಸೇರಿತೇ ಎಂದು ನೋಡುವುದು ಯಾರ ಕೆಲಸವೂ ಆಗಲಿಲ್ಲ.

ಮತ್ತೆ ಏಕರೂಪತೆಯ ಒತ್ತಾಯ ಬಂದದ್ದು ಸಂಶೋಧಕರಿಂದ. 1990ರಲ್ಲಿ ನಾರ್ವೆಯ ಉಟ್‌ಸ್ಟೈನ್ ಮಠದಲ್ಲಿ ಸೇರಿದ ತಜ್ಞರು ಆಸ್ಪತ್ರೆಯ ಹೊರಗೆ ಹೃದಯ ನಿಂತ ಪ್ರಕರಣಗಳನ್ನು ಎಲ್ಲ ದೇಶಗಳೂ ಒಂದೇ ರೀತಿ ವರದಿ ಮಾಡುವ ನಿಯಮಗಳನ್ನು ರೂಪಿಸಿ ಮರುವರ್ಷ ಪ್ರಕಟಿಸಿದರು. ಅಮೆರಿಕದಲ್ಲಿ ಹೆದ್ದಾರಿ ಸುರಕ್ಷತಾ ಆಡಳಿತವು ಆಂಬುಲೆನ್ಸ್ ದಾಖಲೆಯಲ್ಲಿ ಇರಬೇಕಾದ ಅಂಶಗಳ ಪಟ್ಟಿಯನ್ನು 1990ರ ದಶಕದಲ್ಲಿ ಸಿದ್ಧಪಡಿಸಿತು. ಮುಂದಿನ ದಶಕದಲ್ಲಿ ಅದು ನೆಮ್‌ಸಿಸ್ ಎಂಬ ರಾಷ್ಟ್ರೀಯ ಮಾಹಿತಿ ವ್ಯವಸ್ಥೆಯಾಗಿ, ಯೂಟಾ ವಿಶ್ವವಿದ್ಯಾಲಯದ ತಾಂತ್ರಿಕ ಕೇಂದ್ರದ ಆಸರೆಯಲ್ಲಿ ಬೆಳೆಯಿತು. ಎದೆನೋವು ಎಂಬುದಕ್ಕೆ ಎಲ್ಲರೂ ಒಂದೇ ಸಂಕೇತ ಬಳಸಿದರೆ ಮಾತ್ರ ಒಂದು ಕಂಪ್ಯೂಟರ್ ಬರೆದದ್ದು ಇನ್ನೊಂದಕ್ಕೆ ಅರ್ಥವಾಗುತ್ತದೆ ಎಂಬುದು ಇದರ ಮೂಲತತ್ವ, ಮತ್ತು ಆ ಮಟ್ಟಿಗೆ ಇದು ದೊಡ್ಡ ಸಾಧನೆಯೇ. ಆದರೂ ಅದರ ಹರಿವಿನ ದಿಕ್ಕನ್ನು ಗಮನಿಸಬೇಕು. ದಾಖಲೆ ಗಾಡಿಯಿಂದ ರಾಜ್ಯಕ್ಕೆ, ರಾಜ್ಯದಿಂದ ರಾಷ್ಟ್ರೀಯ ಸಂಗ್ರಹಕ್ಕೆ ಹೋಗುತ್ತಿತ್ತು. ಅಂಕಿಅಂಶಗಳ ಕಣಜ ತುಂಬುತ್ತಿತ್ತು. ಪಕ್ಕದ ಕೊಠಡಿಯಲ್ಲಿ ಅದೇ ರೋಗಿಯನ್ನು ನೋಡುತ್ತಿದ್ದ ವೈದ್ಯರ ಪರದೆಗೆ ಮಾತ್ರ ಅದು ಬರುತ್ತಿರಲಿಲ್ಲ.

ಈ ಕಂದಕವನ್ನು ಇನ್ನಷ್ಟು ಅಗಲ ಮಾಡಿದ್ದು, ವಿಚಿತ್ರವೆಂಬಂತೆ, ವಿದ್ಯುನ್ಮಾನ ದಾಖಲೆಗಳಿಗೆ ಅಮೆರಿಕ ಕೊಟ್ಟ ಅತಿ ದೊಡ್ಡ ಪ್ರೋತ್ಸಾಹವೇ. 2009ರ ಹೈಟೆಕ್ ಕಾಯ್ದೆಯು ಕಂಪ್ಯೂಟರ್ ದಾಖಲೆ ಬಳಸುವ ಆಸ್ಪತ್ರೆಗಳಿಗೂ ವೈದ್ಯರಿಗೂ ಕೋಟ್ಯಂತರ ಡಾಲರುಗಳ ಉತ್ತೇಜನ ಧನ ನೀಡಿತು. ಆಂಬುಲೆನ್ಸ್ ಸಂಸ್ಥೆಗಳನ್ನು ಅರ್ಹರ ಪಟ್ಟಿಯಲ್ಲಿ ಸೇರಿಸಲಿಲ್ಲ. ಆಸ್ಪತ್ರೆಗಳು ತಮ್ಮ ತಂತ್ರಾಂಶವನ್ನು ಪಕ್ಕದ ಆಸ್ಪತ್ರೆಯೊಂದಿಗೆ ಬೆಸೆಯಲು ಹಣ ಸಿಕ್ಕಿತು, ಬಾಗಿಲಲ್ಲಿ ನಿಂತ ಗಾಡಿಯೊಂದಿಗೆ ಬೆಸೆಯಲು ಸಿಗಲಿಲ್ಲ. ಫಲವಾಗಿ ಪ್ಯಾರಾಮೆಡಿಕ್ ಟ್ಯಾಬ್ಲೆಟ್‌ನಲ್ಲಿ ಒತ್ತಿ ತುಂಬಿದ ವರದಿಯನ್ನು ಮುದ್ರಿಸಿ ಅಥವಾ ಫ್ಯಾಕ್ಸ್ ಮಾಡಿ, ಆಸ್ಪತ್ರೆಯಲ್ಲಿ ಅದನ್ನು ಮತ್ತೆ ಸ್ಕ್ಯಾನ್ ಮಾಡಿ ಚಿತ್ರವಾಗಿ ಸೇರಿಸುವ ಪರಿಸ್ಥಿತಿ ಹಲವೆಡೆ ಉಂಟಾಯಿತು. ಅದರೊಳಗಿನ ರಕ್ತದೊತ್ತಡದ ಅಂಕಿಯನ್ನು ಯಾವ ತಂತ್ರಾಂಶವೂ ಓದಲಾರದು. ಇದಕ್ಕೆ ಗುರುತಿನ ಸಮಸ್ಯೆಯೂ ಸೇರಿತು. ಗಾಡಿಯವರು ಪ್ರತಿ ಕರೆಗೆ ಒಂದು ಸಂಖ್ಯೆ ಕೊಡುತ್ತಾರೆ, ಆಸ್ಪತ್ರೆ ಪ್ರತಿ ರೋಗಿಗೆ ಬೇರೊಂದು ಸಂಖ್ಯೆ ಕೊಡುತ್ತದೆ. ಪ್ರಜ್ಞೆಯಿಲ್ಲದ, ಹೆಸರು ತಿಳಿಯದ ವ್ಯಕ್ತಿಯ ವಿಷಯದಲ್ಲಿ ಇವೆರಡನ್ನು ಜೋಡಿಸುವುದು ಕಠಿಣ. ಪ್ರತಿ ಪ್ರಜೆಗೂ ಒಂದು ಆರೋಗ್ಯ ಸಂಖ್ಯೆ ಇರಬೇಕೆಂದು 1996ರ ಕಾಯ್ದೆಯೊಂದು ಹೇಳಿದ್ದರೂ, ಖಾಸಗಿತನದ ಆತಂಕದಿಂದ ಅಮೆರಿಕದ ಸಂಸತ್ತು ಕೆಲವೇ ವರ್ಷಗಳಲ್ಲಿ ಅದಕ್ಕೆ ಹಣ ಖರ್ಚು ಮಾಡುವುದನ್ನೇ ನಿಷೇಧಿಸಿತು.

ಬದಲಾವಣೆಗೆ ವಿಪತ್ತುಗಳು ಕಾರಣವಾದವು. 2005ರ ಕತ್ರಿನಾ ಚಂಡಮಾರುತದಲ್ಲಿ ನ್ಯೂ ಆರ್ಲಿಯನ್ಸಿನ ಅಸಂಖ್ಯ ಕಾಗದದ ಕಡತಗಳು ನೀರುಪಾಲಾದಾಗ, ಮಾಜಿ ಸೈನಿಕರ ಆಸ್ಪತ್ರೆಗಳ ವಿದ್ಯುನ್ಮಾನ ದಾಖಲೆಗಳು ಮಾತ್ರ ಬೇರೆ ಊರುಗಳಲ್ಲೂ ಲಭ್ಯವಾದವು. ಈ ಅನುಭವದ ಬೆನ್ನಲ್ಲಿ ಕ್ಯಾಲಿಫೋರ್ನಿಯಾ, ಕೇಂದ್ರ ಸರ್ಕಾರದ ನೆರವಿನಿಂದ, ವಿಪತ್ತಿನ ಹೊತ್ತಿನಲ್ಲಿ ರೋಗಿಯ ಹಳೆಯ ದಾಖಲೆಗಳನ್ನು ಹುಡುಕುವ ಪಲ್ಸ್ ಎಂಬ ವ್ಯವಸ್ಥೆಯನ್ನು ಬೆಳೆಸಿತು, ಅದು 2017ರ ಕಾಡ್ಗಿಚ್ಚುಗಳ ಕಾಲದಲ್ಲಿ ಬಳಕೆಗೆ ಬಂದಿತು. ದಿನನಿತ್ಯದ ಕೆಲಸಕ್ಕಾಗಿ ಅದೇ ವಲಯದಲ್ಲಿ ನಾಲ್ಕು ಕ್ರಿಯೆಗಳ ಮಾದರಿಯೊಂದು ರೂಪುಗೊಂಡಿತು: ಗಾಡಿಯಿಂದಲೇ ರೋಗಿಯ ಹಿಂದಿನ ಕಾಯಿಲೆ, ಔಷಧಗಳನ್ನು ಹುಡುಕುವುದು, ಬರುತ್ತಿರುವ ರೋಗಿಯ ಬಗ್ಗೆ ಆಸ್ಪತ್ರೆಗೆ ಮುನ್ಸೂಚನೆ ಕೊಡುವುದು, ಗಾಡಿಯ ವರದಿಯನ್ನು ಆಸ್ಪತ್ರೆಯ ದಾಖಲೆಯೊಳಗೆ ಸೇರಿಸುವುದು, ಕೊನೆಗೆ ರೋಗನಿರ್ಣಯ ಏನಾಯಿತು, ರೋಗಿ ಬದುಕಿದರೇ ಎಂಬುದನ್ನು ಗಾಡಿಯವರಿಗೆ ಮರಳಿ ತಿಳಿಸುವುದು.

ಈ ನಾಲ್ಕರಲ್ಲಿ ಹೆಚ್ಚು ಅಲಕ್ಷ್ಯಕ್ಕೆ ಒಳಗಾದದ್ದು ಕೊನೆಯದು. ಉಟ್‌ಸ್ಟೈನ್ ನಮೂನೆಯ ಮುಖ್ಯ ಅಂಕಣವೇ ರೋಗಿ ಆಸ್ಪತ್ರೆಯಿಂದ ಜೀವಂತವಾಗಿ ಹೊರಬಂದರೇ ಎಂಬುದು, ಮತ್ತು ಅದನ್ನು ಆಸ್ಪತ್ರೆಯೊಂದೇ ತುಂಬಬಲ್ಲದು. ಅಮೆರಿಕದಲ್ಲಿ 2003ರಲ್ಲಿ ಜಾರಿಗೆ ಬಂದ ರೋಗಿ ಖಾಸಗಿತನದ ನಿಯಮ ಚಿಕಿತ್ಸೆಗಾಗಿ ಮತ್ತು ಗುಣಮಟ್ಟ ಸುಧಾರಣೆಗಾಗಿ ಮಾಹಿತಿ ಹಂಚಲು ಅವಕಾಶ ಕೊಟ್ಟಿದ್ದರೂ, ದಂಡದ ಭಯದಿಂದ ಅನೇಕ ಆಸ್ಪತ್ರೆಗಳು ಆಂಬುಲೆನ್ಸ್ ಸೇವೆಗೆ ಫಲಿತಾಂಶ ತಿಳಿಸಲು ಹಿಂಜರಿದವು. ತಾನು ಊಹಿಸಿದ ಪಾರ್ಶ್ವವಾಯು ನಿಜವಾಗಿಯೂ ಪಾರ್ಶ್ವವಾಯುವೇ ಆಗಿತ್ತೇ ಎಂದು ತಿಳಿಯದ ಸಿಬ್ಬಂದಿಗೆ ಕಲಿಯುವ ದಾರಿಯೇ ಮುಚ್ಚಿದಂತೆ. ಇದು ಕೇವಲ ಕಚೇರಿಯ ಲೋಪವಲ್ಲ, ಮುಂದಿನ ರೋಗಿಗೆ ಆಗುವ ಅನ್ಯಾಯ. ಇದಕ್ಕೆ ವ್ಯತಿರಿಕ್ತವಾಗಿ, ಒಂದೇ ರಾಷ್ಟ್ರೀಯ ಗುರುತು ಸಂಖ್ಯೆ ಇರುವ ಎಸ್ಟೋನಿಯಾದಂಥ ಪುಟ್ಟ ದೇಶ 2008ರಲ್ಲಿ ಆರಂಭಿಸಿದ ಆರೋಗ್ಯ ಮಾಹಿತಿ ಜಾಲದಲ್ಲಿ ತುರ್ತು ಸಿಬ್ಬಂದಿಗೂ ಸ್ಥಾನ ಕೊಟ್ಟು, ದಾಖಲೆಯನ್ನು ಯಾರು ತೆರೆದರೆಂಬುದನ್ನು ಪ್ರಜೆಯೇ ನೋಡುವ ಏರ್ಪಾಡನ್ನೂ ಮಾಡಿಕೊಂಡಿದೆ.

ಭಾರತದಲ್ಲಿ ಈ ಚರಿತ್ರೆ ನ್ಯಾಯಾಲಯದ ಮೂಲಕ ಹಾದುಬಂದಿತು. 1992ರಲ್ಲಿ ಪಶ್ಚಿಮ ಬಂಗಾಳದ ಕೃಷಿ ಕಾರ್ಮಿಕನೊಬ್ಬ ರೈಲಿನಿಂದ ಬಿದ್ದು ತಲೆಗೆ ಪೆಟ್ಟಾದಾಗ, ಹಾಸಿಗೆ ಇಲ್ಲ, ಸೌಲಭ್ಯ ಇಲ್ಲ ಎಂಬ ಕಾರಣಗಳಿಗೆ ಒಂದಾದ ಮೇಲೊಂದು ಸರ್ಕಾರಿ ಆಸ್ಪತ್ರೆ ಅವನನ್ನು ಹಿಂದಕ್ಕೆ ಕಳುಹಿಸಿತು. 1996ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಅವನಿಗೆ 25,000 ರೂಪಾಯಿ ಪರಿಹಾರ ಕೊಡಿಸಿದ್ದಲ್ಲದೆ, ಯಾವ ಆಸ್ಪತ್ರೆಯಲ್ಲಿ ಹಾಸಿಗೆ ಇದೆಯೆಂದು ತಿಳಿದು ರೋಗಿಯನ್ನು ನೇರ ಅಲ್ಲಿಗೆ ಕಳುಹಿಸುವಂಥ ಕೇಂದ್ರೀಕೃತ ಸಂಪರ್ಕ ವ್ಯವಸ್ಥೆ ಇರಬೇಕು, ಆಂಬುಲೆನ್ಸಿನಲ್ಲಿ ಉಪಕರಣಗಳೂ ವೈದ್ಯಕೀಯ ಸಿಬ್ಬಂದಿಯೂ ಇರಬೇಕು ಎಂದು ಹೇಳಿತು. ಗಾಡಿ ಮತ್ತು ಆಸ್ಪತ್ರೆ ಪರಸ್ಪರ ಮಾತಾಡಬೇಕೆಂಬುದನ್ನು ಬದುಕುವ ಹಕ್ಕಿನೊಂದಿಗೆ ಜೋಡಿಸಿದ ಮಹತ್ವದ ತೀರ್ಪು ಇದು.

ಕರ್ನಾಟಕದಲ್ಲಿ ಬಹುಕಾಲ ರೋಗಿಯ ದಾಖಲೆಯನ್ನು ಹೊತ್ತವರು ಮನೆಯವರೇ. ಹಳೆಯ ಚೀಟಿ, ಎಕ್ಸ್‌ರೇ, ತಾಲ್ಲೂಕು ಆಸ್ಪತ್ರೆಯ ರೆಫರ್ ಕಾಗದ ಎಲ್ಲವನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಬಾಡಿಗೆ ವ್ಯಾನಿನಲ್ಲಿ ಜಿಲ್ಲಾಸ್ಪತ್ರೆಗೆ ಬರುವುದು ಇಂದಿಗೂ ನಿಂತಿಲ್ಲ. 2005ರಲ್ಲಿ ಹೈದರಾಬಾದಿನಲ್ಲಿ ಆರಂಭವಾದ 108 ಸೇವೆ 2008ರ ನವೆಂಬರಿನಲ್ಲಿ ‘ಆರೋಗ್ಯ ಕವಚ’ ಎಂಬ ಹೆಸರಿನಲ್ಲಿ ಕರ್ನಾಟಕಕ್ಕೆ ಬಂದಾಗ, ಪೈಲಟ್ ಎಂದು ಕರೆಸಿಕೊಳ್ಳುವ ಚಾಲಕನ ಜೊತೆಗೆ ಇಎಂಟಿ ಎಂಬ ತುರ್ತು ಚಿಕಿತ್ಸಾ ತಂತ್ರಜ್ಞರೂ, ಅವರು ತುಂಬುವ ಪಿಸಿಆರ್ ಎಂಬ ರೋಗಿ ಆರೈಕೆಯ ನಮೂನೆಯೂ ಬಂದವು. ರೋಗಿಯನ್ನು ಸಾಗಿಸಿದ 48 ಗಂಟೆಗಳ ಬಳಿಕ ದೂರವಾಣಿಯಲ್ಲಿ ಕ್ಷೇಮ ವಿಚಾರಿಸುವ ಕ್ರಮವೂ ಈ ಸೇವೆಯೊಂದಿಗೆ ಬೆಳೆಯಿತು. ಆಸ್ಪತ್ರೆಯ ಕಡತದಿಂದ ಬರಬೇಕಾದ ಉತ್ತರವನ್ನು ಮನೆಯವರಿಂದ ಕೇಳಿ ತಿಳಿಯುವ ಈ ಕ್ರಮ, ಕೊರತೆಯನ್ನು ಜಾಣ್ಮೆಯಿಂದ ತುಂಬಿದ ಉದಾಹರಣೆ. 108 ಸಾಗಿಸುವವರಲ್ಲಿ ದೊಡ್ಡ ಪಾಲು ಗರ್ಭಿಣಿಯರದು, ಮತ್ತು ಅವರ ಕೈಯಲ್ಲಿರುವ ತಾಯಿ ಕಾರ್ಡ್ ರಕ್ತದ ಗುಂಪು, ಹಿಮೋಗ್ಲೋಬಿನ್, ರಕ್ತದೊತ್ತಡ, ಹೆರಿಗೆಯ ನಿರೀಕ್ಷಿತ ದಿನಾಂಕ ಎಲ್ಲವನ್ನೂ ಆಶಾ ಕಾರ್ಯಕರ್ತೆಯಿಂದ ಇಎಂಟಿಗೆ, ಇಎಂಟಿಯಿಂದ ಹೆರಿಗೆ ವಾರ್ಡಿನ ನರ್ಸಿಗೆ ದಾಟಿಸುತ್ತದೆ. ಕಾಗದದ್ದಾದರೂ ಗಾಡಿ ಮತ್ತು ಆಸ್ಪತ್ರೆ ಎರಡೂ ನಂಬುವ ದಾಖಲೆ ಈ ನಾಡಿನಲ್ಲಿ ಇದೊಂದೇ ಎಂದರೆ ಹೆಚ್ಚಾಗಲಾರದು. ವಿದ್ಯುನ್ಮಾನ ವ್ಯವಸ್ಥೆ ಕಟ್ಟುವವರು ಮೊದಲು ಅಧ್ಯಯನ ಮಾಡಬೇಕಾದದ್ದೂ ಇದನ್ನೇ.

2023ರಲ್ಲಿ ಪ್ರಕಟವಾದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ತಾಲ್ಲೂಕು ಆಸ್ಪತ್ರೆಯ ಇಸಿಜಿಯನ್ನು ಜಯದೇವದಂಥ ಕೇಂದ್ರಗಳಿಗೆ ಬೆಸೆಯುತ್ತದೆ. ನೇಗಲ್ ಮಯಾಮಿಯಲ್ಲಿ ಮಾಡಿದ ಪ್ರಯೋಗದ ವಂಶಕ್ಕೇ ಇದು ಸೇರಿದ್ದು. 2021ರ ಸೆಪ್ಟೆಂಬರ್ 27ರಂದು ದೇಶವ್ಯಾಪಿಯಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ 14 ಅಂಕಿಗಳ ಆರೋಗ್ಯ ಸಂಖ್ಯೆಯನ್ನು ಕೊಟ್ಟು ಗುರುತಿನ ಸಮಸ್ಯೆಗೆ ಉತ್ತರ ಹುಡುಕಿತು, ಆದರೆ ಅದರಲ್ಲಿ ದಾಖಲೆ ಚಲಿಸುವುದು ರೋಗಿಯ ಒಪ್ಪಿಗೆಯ ಮೇಲೆ, ಮತ್ತು ಪ್ರಜ್ಞೆಯಿಲ್ಲದವರು ಮೊಬೈಲಿನಲ್ಲಿ ಒಪ್ಪಿಗೆ ಒತ್ತಲಾರರು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ ಸೆಕ್ಷನ್ 7 ಜೀವಕ್ಕೆ ಅಪಾಯವಿರುವ ವೈದ್ಯಕೀಯ ತುರ್ತಿನಲ್ಲಿ ಒಪ್ಪಿಗೆಯಿಲ್ಲದೆಯೂ ಮಾಹಿತಿ ಬಳಸಲು ಅವಕಾಶ ಕೊಡುತ್ತದೆ. ಗಾಡಿಯೊಳಗಿನ ಇಎಂಟಿಗಳಿಗೆ ವೃತ್ತಿಪರರೆಂಬ ಮಾನ್ಯತೆಯೂ ಈಗ ಕಾನೂನಿನಲ್ಲಿದೆ. 2021ರ ಸಹಾಯಕ ಮತ್ತು ಆರೋಗ್ಯ ಸೇವಾ ವೃತ್ತಿಗಳ ರಾಷ್ಟ್ರೀಯ ಆಯೋಗ ಕಾಯ್ದೆ ತನ್ನ ಅನುಸೂಚಿಯಲ್ಲಿ ತುರ್ತು ವೈದ್ಯಕೀಯ ತಂತ್ರಜ್ಞರನ್ನು, ಅಂದರೆ ಪ್ಯಾರಾಮೆಡಿಕ್‌ಗಳನ್ನು, ಹೆಸರಿಸಿ ಸೇರಿಸಿದೆ. ಅವರ ಹೆಸರುಗಳನ್ನು ರಿಜಿಸ್ಟರಿಗೆ ತರುವ ಕೆಲಸವನ್ನು ಅದು ರಾಜ್ಯ ಪರಿಷತ್ತುಗಳಿಗೆ ವಹಿಸಿದೆ.